ಎಂಟು ಪತ್ರಗಳು: ನನ್ನ ನಂಬಿಕೆ ಬೆಳೆಸಿದವರಿಗೆ ಥ್ಯಾಂಕ್ಸ್ ಹೇಳಿದ ಕಥೆ

ಮೊದಲ ಪತ್ರ ಹೀಗೆ ಶುರುವಾಗಿತ್ತು: "ನನ್ನ ಆತ್ಮಿಕ ಜೀವನಕ್ಕೆ ನೀವು ಮಾಡಿದ ಎಲ್ಲಾ ಸಹಾಯಕ್ಕಾಗಿ ಹೃತ್ಪೂರ್ವಕ ವಂದನೆಗಳು." ಬರೆದು ಮುಗಿಸಿ ಓದಿದೆ. ಬೀಳ್ಕೊಡುಗೆ ಸಮಾರಂಭದ ಭಾಷಣದ ಹಾಗಿತ್ತು. ಹೆಸರು ಬದಲಾಯಿಸಿ ಯಾರಿಗೆ ಬೇಕಾದರೂ ಕಳಿಸಬಹುದಿತ್ತು. ಹರಿದು ಹಾಕಿದೆ.

ತಪ್ಪು ಪತ್ರದಲ್ಲಿ ಇರಲಿಲ್ಲ, ಅದಕ್ಕೂ ಮೊದಲು ಮಾಡಿದ್ದ ಪಟ್ಟಿಯಲ್ಲಿತ್ತು. "ನನಗೆ ದೇವರ ವಿಷಯ ಕಲಿಸಿದವರು ಯಾರು?" ಅಂತ ಕೇಳಿಕೊಂಡಿದ್ದೆ. ಪಾಸ್ಟರ್‌ಗಳು, ಕೂಟಗಳಲ್ಲಿ ಮಾತಾಡಿದ ಪ್ರಸಂಗಿಗಳು, ಯುವಜನರ ಕೂಟ ನಡೆಸಿದವರು, ಹೀಗೆ ಹನ್ನೊಂದು ಹೆಸರು ಬಂದವು. ಆದರೆ ಒಬ್ಬೊಬ್ಬರ ಹೆಸರಿನ ಮುಂದೆ ಒಂದು ನಿಜವಾದ ಘಟನೆ ಬರೆಯೋಣ ಅಂದರೆ ಪೆನ್ನು ಓಡಲಿಲ್ಲ. ಇಷ್ಟು ವರ್ಷದಲ್ಲಿ ನೂರಾರು ಪ್ರಸಂಗ ಕೇಳಿದ್ದೇನೆ. ಮೂರೂ ನೆನಪಿಲ್ಲ.

ದಾರಿ ತೋರಿಸಿದ್ದು ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ 16ನೇ ಅಧ್ಯಾಯ. ಸಾಮಾನ್ಯವಾಗಿ ಎಲ್ಲರೂ ಹಾರಿಸಿಕೊಂಡು ಹೋಗುವ ಅಧ್ಯಾಯ ಅದು, ಬರೀ ಹೆಸರುಗಳು ಅಂತ. ಪೆನ್ಸಿಲ್ ಹಿಡಿದು ಎಣಿಸಿದೆ. ಪೌಲ ಹೆಸರು ಹಿಡಿದು ವಂದನೆ ಹೇಳಿರುವುದು 24 ಜನಕ್ಕೆ. ಸುಮ್ನೆ ಹೆಸರು ಮಾತ್ರ ಅಲ್ಲ, ಎಷ್ಟೋ ಜನರ ಪಕ್ಕದಲ್ಲಿ ಕಾರಣವೂ ಇದೆ. ಪ್ರಿಸ್ಕ ಮತ್ತು ಅಕ್ವಿಲ ಅವನಿಗಾಗಿ ಪ್ರಾಣ ಕೊಡಲೂ ತಯಾರಿದ್ದವರು. ಮರಿಯಳು ರೋಮಾಪುರದವರಿಗಾಗಿ ಬಹಳ ದುಡಿದವಳು. ರೂಫನ ತಾಯಿಯ ಹೆಸರನ್ನೇ ಅವನು ಹೇಳುವುದಿಲ್ಲ, "ನನಗೂ ತಾಯಿ" ಅಂದುಬಿಡುತ್ತಾನೆ. ಆಕೆ ಏನು ಮಾಡಿದ್ದಳೋ ನಮಗೆ ಗೊತ್ತಿಲ್ಲ, ಆದರೆ ಆಕೆಗೆ ಅದು ಖಂಡಿತ ಅರ್ಥವಾಗಿರುತ್ತೆ. ದೊಡ್ಡ ಬೋಧಕರ ಪಟ್ಟಿ ಅಲ್ಲ ಇದು. ಮನೆ ಬಿಟ್ಟುಕೊಟ್ಟವರು, ಜೊತೆಗೆ ಜೈಲಿನಲ್ಲಿದ್ದವರು, ಮೈಮುರಿದು ಕೆಲಸ ಮಾಡಿದವರು.

ಹಾಗಾಗಿ ನನ್ನ ಪ್ರಶ್ನೆ ಬದಲಾಯಿಸಿದೆ. ಕಲಿಸಿದವರು ಯಾರು ಅನ್ನುವುದು ಬೇಡ, ನಾನು ಬಿಟ್ಟುಬಿಡುವ ಹಂತದಲ್ಲಿದ್ದಾಗ ಹತ್ತಿರ ಯಾರಿದ್ದರು? ಯಾರನ್ನು ನೋಡಿ "ಇವರಿಗೆ ಇದು ನಿಜ" ಅನ್ನಿಸಿತು? ಒಂದು ನೋಟ್‌ಬುಕ್ ತಗೊಂಡೆ. ಒಂದು ಪುಟಕ್ಕೆ ಒಬ್ಬರು. ಮೇಲೆ ಹೆಸರು, ಕೆಳಗೆ ನಾನು ಕಣ್ಣಾರೆ ಕಂಡಿದ್ದು ಮಾತ್ರ. "ತುಂಬಾ ಒಳ್ಳೆಯವರು", "ಪ್ರಾರ್ಥನಾ ವೀರರು" ಅಂತ ಬರೆಯುವ ಹಾಗಿಲ್ಲ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ. ಮೂರು ವಾರ ಹಿಡಿಯಿತು. ಹಳೇ ಪಟ್ಟಿಯ ಹನ್ನೊಂದರಲ್ಲಿ ಉಳಿದದ್ದು ಇಬ್ಬರು. ಹೊಸದಾಗಿ ಏಳು ಜನ ಬಂದರು.

ಮೊದಲ ಪುಟ ಅಜ್ಜಿಯದು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ರಾತ್ರಿ ನಾನೇ ಓದಿ ಹೇಳಬೇಕಿತ್ತು. ಅವರಿಗೆ 119ನೇ ಕೀರ್ತನೆ ಅಂದರೆ ಪ್ರಾಣ. ಬೈಬಲಿನಲ್ಲೇ ಅತಿ ಉದ್ದದ ಅಧ್ಯಾಯ ಅದು, 176 ವಚನ. ಎಂಟೆಂಟು ವಚನದ 22 ಭಾಗ. ದಿನಕ್ಕೊಂದು ಭಾಗ ಓದುವುದು ನಮ್ಮ ಲೆಕ್ಕ. ನಿದ್ದೆ ಎಳೆಯುವಾಗ ನಡುವೆ ಒಂದು ವಚನ ಹಾರಿಸುತ್ತಿದ್ದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಒಂದು ನುಂಗಿದೆಯಲ್ಲ ಮಗಾ" ಅನ್ನುತ್ತಿದ್ದರು. ಇಡೀ ಕೀರ್ತನೆ ಅವರಿಗೆ ಬಾಯಿಪಾಠ ಅಂತಲೇ ನಾನು ನಂಬಿದ್ದೆ. ಒಂದು ದಿನ ಹೊದಿಕೆ ಜಾರಿದಾಗ ನೋಡಿದೆ: ಹೆಬ್ಬೆರಳು ಮಿಕ್ಕ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಎಣಿಸುತ್ತಿದ್ದರು! ಎಂಟು ಆಗದಿದ್ದರೆ ಬಿಡುತ್ತಿರಲಿಲ್ಲ. ಇವತ್ತಿಗೂ ಬೈಬಲ್ ಓದುವಾಗ ಬೇಸರದ ಭಾಗ ಹಾರಿಸಲು ನನಗೆ ಕೈ ಬರುವುದಿಲ್ಲ.

ತನ್ನ ಶಿಷ್ಯ ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತು ಅಂತ ಪೌಲ ಬರೆಯುತ್ತಾನೆ. ನನ್ನ ವಿಷಯದಲ್ಲಿ ಅದು ಬೆರಳಿನ ಗೆಣ್ಣಿನಲ್ಲೂ ಇತ್ತು.

ಆದರೆ ಅಜ್ಜಿ ತೀರಿಹೋಗಿ ಬಹಳ ವರ್ಷವಾಯಿತು. ತೀರಿಕೊಂಡವರಿಗೆ ಥ್ಯಾಂಕ್ಸ್ ಹೇಳುವುದು ಹೇಗೆ? ಇದರಲ್ಲಿ ಸಭೆಗಳ ನಡುವೆ ವ್ಯತ್ಯಾಸ ಇದೆ. ಕಥೋಲಿಕರು ನವೆಂಬರ್ 2ರಂದು ಮೃತರಿಗಾಗಿ ಪ್ರಾರ್ಥಿಸುತ್ತಾರೆ. ಪ್ರೊಟೆಸ್ಟಂಟರು ಸಾಮಾನ್ಯವಾಗಿ ಮೃತರಿಗಾಗಿ ಪ್ರಾರ್ಥಿಸುವುದಿಲ್ಲ, ಅವರನ್ನು ಕೊಟ್ಟ ದೇವರಿಗೆ ಸ್ತೋತ್ರ ಹೇಳುತ್ತಾರೆ. ನನಗೆ ದಾರಿ ಸಿಕ್ಕಿದ್ದು ಪ್ರಾಚೀನ ಸಭೆಯ ಬಿಷಪ್ ಅಗಸ್ಟೀನನಿಂದ. 387ರಲ್ಲಿ ತೀರಿಕೊಂಡ ತಾಯಿ ಮೋನಿಕಾಳನ್ನು ಅವನು ತನ್ನ 'ಕನ್ಫೆಶನ್ಸ್' ಕೃತಿಯ ಒಂಬತ್ತನೇ ಭಾಗದಲ್ಲಿ ನೆನೆಯುತ್ತಾನೆ. ಕಣ್ಣೀರು ಸುರಿಸಿ ಮಗನಿಗಾಗಿ ಪ್ರಾರ್ಥಿಸಿದ ತಾಯಿ ಅಂತ ಎಲ್ಲರಿಗೂ ಗೊತ್ತು. ಆದರೆ ಅವಳು ಹುಡುಗಿಯಾಗಿದ್ದಾಗ ಕದ್ದು ವೈನ್ ಕುಡಿಯುತ್ತಿದ್ದಳು, ಮನೆಗೆಲಸದವಳೊಬ್ಬಳು ಜಗಳದಲ್ಲಿ ಹಂಗಿಸಿದ ಮೇಲೆ ಬಿಟ್ಟಳು ಅನ್ನುವುದನ್ನೂ ಅಲ್ಲೇ ಬರೆದಿದ್ದಾನೆ. ಕೊನೆಗೆ ತಾಯಿಯನ್ನೂ ತಂದೆ ಪತ್ರೀಷಿಯಸ್‌ನನ್ನೂ ನೆನೆಯಿರಿ ಅಂತ ಓದುಗರನ್ನೇ ಕೇಳಿಕೊಳ್ಳುತ್ತಾನೆ. ನನಗೆ ತುಂಬಾ ಹಿಡಿಸಿತು ಇದು. ಸತ್ತವರನ್ನು ಪ್ರತಿಮೆ ಮಾಡಿ ನಿಲ್ಲಿಸಿದರೆ ಅವರು ನಮ್ಮವರಾಗಿ ಉಳಿಯುವುದಿಲ್ಲ, ಅಲ್ವಾ? ಅಜ್ಜಿಗೆ ಪತ್ರ ಬರೆಯಲಿಲ್ಲ. ಅವರ ಪುಟವನ್ನು ನನ್ನ ಮಕ್ಕಳಿಗೆ ಓದಿ ಹೇಳಿದೆ, ಅವರ ಕೋಪವನ್ನೂ ಸೇರಿಸಿ.

ಉಳಿದ ಎಂಟು ಜನಕ್ಕೆ ಎಂಟು ಪತ್ರ. ಕೈಬರಹದಲ್ಲೇ ಬರೆದೆ, ಒಂದು ಪುಟ ಮೀರದ ಹಾಗೆ. ಮೊದಲು ಘಟನೆ, ಆಮೇಲೆ ಅದರಿಂದ ನನ್ನಲ್ಲಿ ಏನು ಉಳಿಯಿತು ಅನ್ನುವುದು, ಅಷ್ಟೇ. ವಚನಗಳನ್ನು ಜಾಸ್ತಿ ಸೇರಿಸಲಿಲ್ಲ. ವಚನ ತುಂಬಿಸಿದರೆ ಪತ್ರ ಪ್ರಸಂಗ ಆಗಿಬಿಡುತ್ತೆ.

ಒಂದು ಪತ್ರ ಚರ್ಚ್‌ನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಆಂಟಿಗೆ. ಅಪ್ಪ ತೀರಿಕೊಂಡ ಮೇಲೆ ನಾನು ಎಂಟು ತಿಂಗಳು ಚರ್ಚ್ ಕಡೆ ತಲೆ ಹಾಕಿರಲಿಲ್ಲ. ಮತ್ತೆ ಹೋದ ದಿನ ನನ್ನ ಜಾಗದಲ್ಲಿ ಅವರ ಹಾಡಿನ ಪುಸ್ತಕ ಇತ್ತು. ಅವರು ಏನೂ ಕೇಳದೆ ಪುಸ್ತಕ ಎತ್ತಿ ತೊಡೆ ಮೇಲಿಟ್ಟುಕೊಂಡರು. ಎಂಟು ತಿಂಗಳೂ ನನ್ನ ಜಾಗ ಕಾಯ್ದಿದ್ದಾರೆ ಅಂದುಕೊಂಡು ಅವತ್ತು ಅತ್ತಿದ್ದೆ. ಪತ್ರದಲ್ಲಿ ಅದನ್ನೇ ಬರೆದೆ. ಅವರು ಫೋನ್ ಮಾಡಿ ನಕ್ಕರು: "ಅಯ್ಯೋ, ನಾನು ಯಾವಾಗಲೂ ಪುಸ್ತಕ, ಕನ್ನಡಕ ಎಲ್ಲಾ ಪಕ್ಕದಲ್ಲೇ ಹರಡಿಕೊಳ್ಳೋದು ಕಣಮ್ಮ. ಜಾಗ ಕಾಯೋಕೆ ಅಲ್ಲ!" ಒಂದು ಕ್ಷಣ ಪೆಚ್ಚಾದೆ. ಆಮೇಲೆ ನನಗೂ ನಗು ಬಂತು. ನೀವೂ ಇಂಥ ಪತ್ರ ಬರೆದರೆ ಇದಕ್ಕೆ ತಯಾರಿರಿ: ಅವರಿಗೆ ಅದು ನೆನಪಿರುವುದಿಲ್ಲ, ಇದ್ದರೂ ಬೇರೆ ಥರ ಇರುತ್ತೆ. ಏನಾದರೇನು, ಅವತ್ತು ಪುಸ್ತಕ ಎತ್ತಿ ಜಾಗ ಕೊಟ್ಟರಲ್ಲ.

ಒಬ್ಬ ಹಿರಿಯರಿಗೆ ಮಾತ್ರ ಬರೆಯಲಿಲ್ಲ. ಹದಿನಾಲ್ಕು ವರ್ಷದವಳಿದ್ದಾಗ ಅವರಿಗೊಂದು ಪ್ರಶ್ನೆ ಕೇಳಿದ್ದೆ. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋಹಾನನೇ ಸೆರೆಮನೆಯಿಂದ, "ಬರಬೇಕಾದವನು ನೀನೇನಾ, ಅಥವಾ ನಾವು ಬೇರೆಯವನಿಗೆ ಕಾಯಬೇಕಾ?" ಅಂತ ಕೇಳಿ ಕಳಿಸುತ್ತಾನಲ್ಲ, ಅವನಿಗೇ ಯಾಕೆ ಅನುಮಾನ ಬಂತು ಅಂತ. ಎಲ್ಲರ ಮುಂದೆ ಬೈಸಿಕೊಂಡೆ. "ಅವರೂ ನಿನ್ನನ್ನು ರೂಪಿಸಿದರು, ಅವರಿಗೂ ಥ್ಯಾಂಕ್ಸ್ ಹೇಳು" ಅಂತ ಒಬ್ಬ ಗೆಳತಿ ಅಂದಳು. ನಾನು ಒಪ್ಪಲಿಲ್ಲ. ಕ್ಷಮಿಸುವುದು ಒಂದು, ಉಪಕಾರ ಅಂತ ನಟಿಸುವುದು ಇನ್ನೊಂದು.

ಅದೇ ಪ್ರಶ್ನೆ ನಮ್ಮ ಸಂಡೇ ಸ್ಕೂಲ್ ಸರ್‌ಗೂ ಕೇಳಿದ್ದೆ. ಅವರು, "ನನಗೂ ಗೊತ್ತಿಲ್ಲ, ಮುಂದಿನ ವಾರ ನೋಡಿಕೊಂಡು ಬರ್ತೀನಿ" ಅಂದರು. ದೊಡ್ಡವರ ಬಾಯಲ್ಲಿ ಆ ಮಾತು ಅದೇ ಮೊದಲು ಕೇಳಿದ್ದು. ಮುಂದಿನ ಭಾನುವಾರ ನಿಜವಾಗಿಯೂ ಒಂದು ಚೀಟಿ ಹಿಡಿದು ಬಂದರು. "ಪೂರ್ತಿ ಉತ್ತರ ಸಿಗಲಿಲ್ಲ. ಆದರೆ ಇದು ನೋಡು, ಯೇಸು ಯೋಹಾನನ್ನ ಬೈಯಲಿಲ್ಲ. ಆಮೇಲೆ ಜನರ ಮುಂದೆ ಅವನನ್ನ ಹೊಗಳಿದ." ಆ ಚೀಟಿ ಇನ್ನೂ ನನ್ನ ಬೈಬಲಿನಲ್ಲಿದೆ.

ಸರ್ ಈಗ ಚರ್ಚ್‌ಗೆ ಹೋಗುವುದಿಲ್ಲ, ನಂಬಿಕೆಯನ್ನೇ ಬಿಟ್ಟಿದ್ದಾರೆ ಅಂತ ಕೇಳಿದ್ದೆ. ಆ ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲ ಮೂರರ ಕೊನೆಯಲ್ಲೂ ನನಗೇ ಗೊತ್ತಿಲ್ಲದ ಹಾಗೆ ಒಂದು ಗಾಳ ಸೇರಿತ್ತು: "ನೀವು ಮತ್ತೆ ಬಂದರೆ ಎಷ್ಟು ಚೆನ್ನಾಗಿರುತ್ತೆ." ಥ್ಯಾಂಕ್ಸ್ ಹೇಳಲು ಹೋಗಿ ಲೆಕ್ಕ ಕೇಳಿದ ಹಾಗಾಗುತ್ತಿತ್ತು. ಆ ಸಾಲು ತೆಗೆದು, ಚೀಟಿಯ ಕಥೆ ಮಾತ್ರ ಬರೆದು ಕಳಿಸಿದೆ.

ಎರಡು ತಿಂಗಳು ಸುದ್ದಿ ಇಲ್ಲ. ಆಮೇಲೆ ಒಂದು ಸಂಜೆ ಫೋನ್ ಬಂತು. ಮಕ್ಕಳು, ಆರೋಗ್ಯ, ಮಳೆ, ಎಲ್ಲಾ ಮಾತಾಡಿದೆವು. ಪತ್ರದ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಡುವ ಮುಂಚೆ ಕೇಳಿದರು:

"ಆ ಯೋಹಾನನ ಪ್ರಶ್ನೆ ಎಲ್ಲಿ ಬರುತ್ತಮ್ಮ?"

"ಮತ್ತಾಯ 11, ಸರ್."

"ಹೂಂ," ಅಂದರು. ಪೆನ್ನು ಹುಡುಕುತ್ತಿದ್ದ ಸದ್ದು ಕೇಳಿಸಿತು.