ಜರ್ಮನಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮೊದಲ ವರ್ಷದ ಮಾರ್ಗದರ್ಶಿ

ಉದ್ಯೋಗದ ವೀಸಾ ಅಥವಾ ಬ್ಲೂ ಕಾರ್ಡ್ (ಉನ್ನತ ಅರ್ಹತೆಯ ಉದ್ಯೋಗಿಗಳಿಗೆ ಕೊಡುವ ನಿವಾಸ ಪರವಾನಗಿ) ಪಡೆದು, ಸಂಗಾತಿ ಮತ್ತು ಮಕ್ಕಳೊಂದಿಗೆ ಜರ್ಮನಿಗೆ ಬರುವ ಕುಟುಂಬಗಳನ್ನು ಗಮನದಲ್ಲಿಟ್ಟುಕೊಂಡು ಸಂಘದ ವತಿಯಿಂದ ಈ ಮಾರ್ಗದರ್ಶಿಯನ್ನು ಸಿದ್ಧಪಡಿಸಲಾಗಿದೆ. ಕೆಲಸಕ್ಕೆ ಸೇರುವವರಿಗೆ ಕಚೇರಿಯಲ್ಲಿ ಕೇಳಲು ನಾಲ್ಕು ಜನರಾದರೂ ಇರುತ್ತಾರೆ. ಮನೆ, ವೈದ್ಯರು, ಶಾಲೆ, ನೆರೆಹೊರೆ ಇವುಗಳ ವಿಚಾರಕ್ಕೆ ಬಂದಾಗ ಮಾತ್ರ ಹೆಚ್ಚಿನವರು ತಾವೇ ದಾರಿ ಹುಡುಕಿಕೊಳ್ಳಬೇಕಾಗುತ್ತದೆ. ಆದ್ದರಿಂದ ಇಲ್ಲಿ ಮನೆಯೊಳಗಿನ ಬದುಕಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ವಿಳಾಸ ಮತ್ತು ಅಂಚೆ ಪೆಟ್ಟಿಗೆ

ಮನೆಗೆ ಪ್ರವೇಶಿಸಿದ ಎರಡು ವಾರದೊಳಗೆ ಊರಿನ ನಾಗರಿಕ ಸೇವಾ ಕಚೇರಿಯಲ್ಲಿ, ಅಂದರೆ ಬ್ಯೂರ್ಗರ್‌ಆಮ್ಟ್‌ನಲ್ಲಿ, ಕುಟುಂಬದ ಎಲ್ಲರ ವಿಳಾಸವನ್ನೂ ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ದೊಡ್ಡ ನಗರಗಳಲ್ಲಿ ಅಷ್ಟು ಬೇಗ ಅಪಾಯಿಂಟ್‌ಮೆಂಟ್ ಸಿಗದಿರಬಹುದು. ಹಾಗಾದಾಗ ಸಿಕ್ಕ ಮೊದಲ ದಿನಾಂಕವನ್ನೇ ಕಾಯ್ದಿರಿಸಿ, ಅದರ ದೃಢೀಕರಣವನ್ನು ಮುದ್ರಿಸಿಟ್ಟುಕೊಳ್ಳಿ. ಹೋಗುವಾಗ ಎಲ್ಲರ ಪಾಸ್‌ಪೋರ್ಟ್, ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳು ಹಾಗೂ ನೀವು ಆ ಮನೆಯಲ್ಲಿ ವಾಸಿಸುತ್ತಿದ್ದೀರಿ ಎಂದು ಮನೆಯ ಮಾಲೀಕರು ಸಹಿ ಮಾಡಿಕೊಟ್ಟ ಪತ್ರ ಜೊತೆಗಿರಬೇಕು. ಬಾಡಿಗೆಯ ಕರಾರುಪತ್ರವೊಂದೇ ಸಾಲದು. ಆ ಪತ್ರವನ್ನು ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆ, ಕೇಳಲು ಸಂಕೋಚಪಡಬೇಡಿ. ನೋಂದಣಿಗೆ ಅವಕಾಶ ಕೊಡದ ಮನೆ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಒಪ್ಪಿಕೊಳ್ಳಬಾರದು ಎಂಬುದು ನಮ್ಮ ಖಚಿತ ಸಲಹೆ. ತೆರಿಗೆ ಸಂಖ್ಯೆ, ನಿವಾಸ ಪರವಾನಗಿ, ಮಕ್ಕಳ ಭತ್ಯೆ, ಶಾಲೆ ಎಲ್ಲವೂ ಈ ಒಂದು ಕಾಗದವನ್ನು ಕೇಳಿಯೇ ಮುಂದುವರಿಯುತ್ತವೆ.

ನೋಂದಣಿಯಾದ ಬಳಿಕ 11 ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ನಮ್ಮವರಿಗೆ ವಿಶೇಷವಾಗಿ ಎದುರಾಗುವ ಒಂದು ತೊಡಕಿದೆ. ಜರ್ಮನಿಯ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆಗಳಿಗೆ ಸಂಖ್ಯೆ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲೆ ಬರೆದ ಕುಟುಂಬದ ಹೆಸರನ್ನು ನೋಡಿ ಪತ್ರ ಹಾಕುತ್ತಾರೆ. ನಮ್ಮಲ್ಲಿ ಗಂಡನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಕೊನೆಯ ಹೆಸರಾಗಿರುತ್ತದೆ, ಹೆಂಡತಿಯದರಲ್ಲಿ ಊರಿನ ಹೆಸರೋ ತವರಿನ ಹೆಸರೋ ಇರುತ್ತದೆ, ಮಗುವಿಗೆ ಅಪ್ಪನ ಹೆಸರೇ ಕೊನೆಯ ಹೆಸರಾಗಿರುತ್ತದೆ. ಇನ್ನು ಕೆಲವರ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಿನ ಜಾಗವೇ ಖಾಲಿ. ಪೆಟ್ಟಿಗೆಯ ಮೇಲೆ ಒಬ್ಬರ ಹೆಸರು ಮಾತ್ರ ಇದ್ದರೆ ಉಳಿದವರ ಪತ್ರಗಳು ಕಳುಹಿಸಿದವರಿಗೇ ಹಿಂತಿರುಗಿ ಹೋಗುತ್ತವೆ. ಹೀಗಾಗಿ ಮನೆಯ ಪ್ರತಿಯೊಬ್ಬರ ಕೊನೆಯ ಹೆಸರನ್ನೂ ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳಲ್ಲೇ ಬರೆದು, ಬಂದ ದಿನವೇ ಅಂಚೆ ಪೆಟ್ಟಿಗೆಗೂ ಬಾಗಿಲ ಗಂಟೆಗೂ ಅಂಟಿಸಿ. ಬ್ಯಾಂಕು, ವಿಮೆ, ಶಾಲೆ ಎಲ್ಲೆಡೆಯೂ ಅದೇ ಕ್ರಮದಲ್ಲಿ ಹೆಸರು ಕೊಡಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ಣ ಹೆಸರು ಕೊಟ್ಟರೆ ಮುಂದೆ ಇಬ್ಬರೂ ಒಬ್ಬರೇ ಎಂದು ತೋರಿಸಲು ಅಲೆದಾಡಬೇಕಾಗುತ್ತದೆ.

ಪೆಟ್ಟಿಗೆಯನ್ನು ಪ್ರತಿದಿನವೂ ತೆರೆದು ನೋಡುವುದು ರೂಢಿಯಾಗಲಿ. ಹಳದಿ ಲಕೋಟೆಯಲ್ಲಿ ಬರುವ ಪತ್ರ ಕಾನೂನುಬದ್ಧವಾಗಿ ತಲುಪಿಸಿದ ಪತ್ರವಾಗಿದ್ದು, ಅದರ ಮೇಲೆ ಅಂಚೆಯವರು ದಿನಾಂಕವನ್ನು ಕೈಯಿಂದ ಬರೆದಿರುತ್ತಾರೆ; ಉತ್ತರಿಸುವ ಗಡುವು ಆ ದಿನಾಂಕದಿಂದಲೇ ಎಣಿಕೆಯಾಗುತ್ತದೆ, ನೀವು ತೆರೆದು ಓದಿದ ದಿನದಿಂದಲ್ಲ. ಆ ಲಕೋಟೆಯನ್ನೂ ಪತ್ರದೊಂದಿಗೇ ಜೋಪಾನ ಮಾಡಿ. ಸಾರ್ವಜನಿಕ ರೇಡಿಯೋ ಮತ್ತು ಟಿವಿ ಶುಲ್ಕದ ಪತ್ರವೂ ಹೀಗೇ ತಾನಾಗಿ ಮನೆಗೆ ಬರುತ್ತದೆ. ಇದನ್ನು ಮೋಸದ ಪತ್ರವೆಂದು ತಿಳಿದು ಎಸೆಯುವವರು ಅನೇಕರು. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಒಂದು ಮನೆಗೆ ತಿಂಗಳಿಗೆ 18.36 ಯೂರೋದಂತೆ ಅದನ್ನು ಕಟ್ಟಲೇಬೇಕು. ಮನೆಯಲ್ಲಿ ಎಷ್ಟೇ ಜನರಿದ್ದರೂ ಒಬ್ಬರು ಕಟ್ಟಿದರೆ ಸಾಕು. ಗಂಡ ಹೆಂಡತಿ ಇಬ್ಬರಿಗೂ ಪ್ರತ್ಯೇಕ ಪತ್ರ ಬಂದಿದ್ದರೆ ಒಬ್ಬರ ಸಂಖ್ಯೆಯನ್ನು ತಿಳಿಸಿ ಇನ್ನೊಂದನ್ನು ರದ್ದುಪಡಿಸಿಕೊಳ್ಳಬಹುದು.

ಬಾಡಿಗೆ ಮನೆ

ಜಾಹೀರಾತಿನಲ್ಲಿ ಕಾಣುವ ಕಾಲ್ಟ್‌ಮೀಟೆ ಬರಿಯ ಬಾಡಿಗೆ. ನೀರು, ಕಸ, ಕಟ್ಟಡದ ನಿರ್ವಹಣೆ ಮತ್ತು ಸಾಮಾನ್ಯವಾಗಿ ಬಿಸಿಮಾಡುವ ವೆಚ್ಚವೂ ಸೇರಿದ ಮೊತ್ತ ವಾರ್ಮ್‌ಮೀಟೆ. ವಿದ್ಯುತ್ ಮತ್ತು ಇಂಟರ್ನೆಟ್ ಬಹುತೇಕ ಅದರಲ್ಲೂ ಸೇರಿರುವುದಿಲ್ಲ. ಮುಂಗಡ ಠೇವಣಿ ಮೂರು ತಿಂಗಳ ಬರಿಯ ಬಾಡಿಗೆಯನ್ನು ಮೀರುವಂತಿಲ್ಲ, ಮತ್ತು ಅದನ್ನು ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ಮನೆಯನ್ನು ಕಣ್ಣಾರೆ ನೋಡುವ ಮೊದಲು ಯಾರು ಎಂತಹ ಕಾರಣ ಹೇಳಿದರೂ ಒಂದು ಯೂರೋ ಸಹ ಕಳುಹಿಸಬೇಡಿ. ಅನೇಕ ಮನೆಗಳನ್ನು ಅಡುಗೆಮನೆಯ ಕಪಾಟು, ಒಲೆ, ಸಿಂಕು ಯಾವುದೂ ಇಲ್ಲದೆಯೇ ಬಾಡಿಗೆಗೆ ಕೊಡುವುದು ಇಲ್ಲಿಯ ಪದ್ಧತಿಯಾದ್ದರಿಂದ, ಮಕ್ಕಳೊಂದಿಗೆ ಬರುವವರು ಇದನ್ನು ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು. ಕೀಲಿ ಪಡೆಯುವ ದಿನ ಗೋಡೆಯ ಕಲೆ, ನೆಲದ ಗೀರು, ಮೀಟರಿನ ಅಂಕಿ ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ ಫೋಟೋ ತೆಗೆದಿಡಿ. ಬಿಡುವಾಗ ಮೂರು ತಿಂಗಳ ಮುಂಚಿತ ಸೂಚನೆ ಕೊಡಬೇಕು, ಅದೂ ಸಹಿ ಮಾಡಿದ ಕಾಗದದಲ್ಲಿ, ಇಮೇಲ್ ನಡೆಯುವುದಿಲ್ಲ.

ನಮ್ಮ ಅಡುಗೆಗೂ ಇಲ್ಲಿಯ ಮನೆಗಳಿಗೂ ಸ್ವಲ್ಪ ಹೊಂದಿಸಿಕೊಳ್ಳಬೇಕಾದ ಸಂಬಂಧವಿದೆ. ಚಳಿ ತಡೆಯಲೆಂದು ಕಿಟಕಿ ಬಾಗಿಲುಗಳು ಗಾಳಿಯಾಡದಂತೆ ಬಿಗಿಯಾಗಿರುತ್ತವೆ. ಕುಕ್ಕರಿನ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲವೂ ತಣ್ಣನೆಯ ಹೊರಗೋಡೆಯ ಮೂಲೆಗಳಲ್ಲಿ ನೀರಾಗಿ ಕೂತು, ಒಂದೇ ಚಳಿಗಾಲದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಅದರ ದುರಸ್ತಿಯ ಹಣವನ್ನು ಮಾಲೀಕರು ಠೇವಣಿಯಿಂದ ಕೇಳುವುದುಂಟು. ದಿನಕ್ಕೆ ಎರಡು ಮೂರು ಬಾರಿ, ಅಡುಗೆ ಮತ್ತು ಸ್ನಾನದ ನಂತರ ತಪ್ಪದೆ, ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ ಮತ್ತೆ ಮುಚ್ಚಬೇಕು. ದಿನವಿಡೀ ಕಿಟಕಿಯನ್ನು ಸ್ವಲ್ಪ ಓರೆ ತೆರೆದಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಹೆಚ್ಚುತ್ತದೆ, ಬಿಸಿಮಾಡುವ ಖರ್ಚೂ ಏರುತ್ತದೆ. ಒಗ್ಗರಣೆಯ ಹೊಗೆಗೆ ಸೂರಿನ ಹೊಗೆ ಸೂಚಕ ಕೂಗಿಕೊಂಡರೆ ಕಿಟಕಿ ತೆರೆಯಿರಿ, ಅದರ ಬ್ಯಾಟರಿಯನ್ನು ಮಾತ್ರ ತೆಗೆದಿಡಬೇಡಿ. ಮನೆಗಳಲ್ಲಿ ಆ ಸೂಚಕ ಇರಲೇಬೇಕೆಂಬುದು ಕಾನೂನು. ಗೃಹಪ್ರವೇಶಕ್ಕೆ ಮನೆಯೊಳಗೆ ಹೋಮ ಮಾಡಿಸುವ ಆಸೆಯನ್ನು ದಯವಿಟ್ಟು ಬದಿಗಿಟ್ಟು, ದೀಪ ಹಚ್ಚಿ ಪೂಜೆ ಮಾಡಿಕೊಳ್ಳಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮತ್ತು ಭಾನುವಾರವಿಡೀ ಸದ್ದು ಮಾಡದಿರುವುದು ಇಲ್ಲಿ ಸೌಜನ್ಯದ ಮಾತಷ್ಟೇ ಅಲ್ಲ, ನಿಯಮ. ಗೋಡೆಗೆ ಮೊಳೆ ಹೊಡೆಯುವುದು, ಡ್ರಿಲ್ಲಿಂಗ್ ಮಾಡುವುದು, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವುದು ಭಾನುವಾರ ಸಲ್ಲದು. ಬೆಳಗಿನ ಜಾವ ಚಟ್ನಿಗೆ ಮಿಕ್ಸಿ ಹಾಕಿದರೆ ಅದರ ಸದ್ದು ಕೆಳಗಿನ ಮನೆಯ ಮಲಗುವ ಕೋಣೆಗೆ ನೇರವಾಗಿ ಇಳಿಯುತ್ತದೆ. ಹಿಂದಿನ ಸಂಜೆಯೇ ರುಬ್ಬಿಟ್ಟುಕೊಂಡರೆ ಯಾರಿಗೂ ತೊಂದರೆಯಿಲ್ಲ. ಮಕ್ಕಳ ಸಹಜ ಓಡಾಟ ಮತ್ತು ಅಳುವಿನ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ. ಹಬ್ಬಕ್ಕೆ ಹತ್ತಾರು ಜನ ಸೇರುವುದಿದ್ದರೆ ಎರಡು ದಿನ ಮೊದಲೇ ಮೆಟ್ಟಿಲ ಬಳಿ ಚೀಟಿ ಅಂಟಿಸಿ, ನಿಮ್ಮ ಫೋನ್ ಸಂಖ್ಯೆಯನ್ನೂ ಬರೆಯಿರಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಹಾಲು, ತರಕಾರಿ, ಮಗುವಿನ ಡೈಪರ್ ಶನಿವಾರವೇ ಮನೆಯಲ್ಲಿರಬೇಕು.

ಕಸದ ತೊಟ್ಟಿಗಳ ಬಣ್ಣ ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆಯಾದರೂ ಕಾಗದ, ಪೊಟ್ಟಣದ ಪ್ಲಾಸ್ಟಿಕ್, ಅಡುಗೆಮನೆಯ ಹಸಿ ಕಸ, ಉಳಿದ ಕಸ ಎಂಬ ವಿಂಗಡಣೆ ಬಹುತೇಕ ಎಲ್ಲೆಡೆ ಇದೆ. ನಿಮ್ಮ ನಗರಪಾಲಿಕೆಯ ಕಸದ ಕ್ಯಾಲೆಂಡರನ್ನು ಅಡುಗೆಮನೆಯಲ್ಲಿ ತೂಗುಹಾಕಿ. ಪಾನೀಯದ ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನುಗಳಿಗೆ ಕೊಟ್ಟ 25 ಸೆಂಟ್ ಠೇವಣಿಯನ್ನು ಸೂಪರ್ ಮಾರ್ಕೆಟ್ಟಿನ ಯಂತ್ರದಲ್ಲಿ ಹಿಂಪಡೆಯಬಹುದು.

ಬಾಗಿಲು ಎಳೆದುಕೊಂಡರೆ ತಾನೇ ಬೀಗ ಬೀಳುತ್ತದೆ ಎಂಬುದನ್ನು ಮಕ್ಕಳಿಗೂ ಹೇಳಿಕೊಡಿ. ಬೀಗ ತೆರೆಯುವವರನ್ನು ರಾತ್ರಿಯಲ್ಲೋ ಭಾನುವಾರವೋ ಕರೆಸಿದರೆ ಬಹಳ ದುಬಾರಿಯಾಗುತ್ತದೆ. ಒಂದು ಕೀಲಿ ನಂಬಿಕೆಯ ಸ್ನೇಹಿತರ ಮನೆಯಲ್ಲಿರಲಿ. ಕೆಲವು ಕಟ್ಟಡಗಳಲ್ಲಿ ಒಂದು ಕೀಲಿ ಕಳೆದರೂ ಇಡೀ ಕಟ್ಟಡದ ಬೀಗಗಳನ್ನು ಬದಲಿಸಬೇಕಾದೀತು. ನೀವು ಬೇರೆಯವರಿಗೆ ಮಾಡಿದ ಇಂತಹ ನಷ್ಟವನ್ನು ಭರಿಸುವ ಹಾಫ್ಟ್‌ಫ್ಲಿಷ್ಟ್ ವಿಮೆ ಕಡ್ಡಾಯವಲ್ಲವಾದರೂ, ಕೀಲಿಯ ನಷ್ಟವೂ ಸೇರಿದೆಯೇ ಎಂದು ನೋಡಿಕೊಂಡು, ಮೊದಲ ತಿಂಗಳಲ್ಲೇ ಇಡೀ ಕುಟುಂಬಕ್ಕೆ ಅದನ್ನು ಮಾಡಿಸಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಆರೋಗ್ಯ

ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆಯಲ್ಲಿ, ಸ್ವಂತ ಆದಾಯವಿಲ್ಲದ ಸಂಗಾತಿ ಮತ್ತು ಮಕ್ಕಳು ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ಹೆಚ್ಚಿನ ಸಂಬಳದವರಿಗೆ ಖಾಸಗಿ ವಿಮೆಯ ಆಯ್ಕೆಯೂ ಇದೆ. ಆದರೆ ಅಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಕಂತು, ಮತ್ತು ಒಮ್ಮೆ ಹೋದ ಮೇಲೆ ಸರ್ಕಾರಿ ವಿಮೆಗೆ ಮರಳುವುದು ಸುಲಭವಲ್ಲ. ಮೊದಲ ವರ್ಷ ಕಡಿಮೆ ಕಂತನ್ನು ನೋಡಿ ಆತುರದಲ್ಲಿ ಸಹಿ ಮಾಡುವುದು ಕುಟುಂಬಸ್ಥರಿಗೆ ಸೂಕ್ತವಲ್ಲ.

ಕಾಯಿಲೆ ಬರುವ ಮೊದಲೇ ಮನೆಗೆ ಹತ್ತಿರದ ಸಾಮಾನ್ಯ ವೈದ್ಯರನ್ನೂ ಮಕ್ಕಳ ವೈದ್ಯರನ್ನೂ ಹುಡುಕಿಕೊಳ್ಳಿ, ಏಕೆಂದರೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳದ ಕ್ಲಿನಿಕ್ಕುಗಳು ಸಾಕಷ್ಟಿವೆ. ಗರ್ಭಿಣಿಯರು ಸೂಲಗಿತ್ತಿಯನ್ನು ಹುಡುಕುವ ಕೆಲಸವನ್ನು ಮೊದಲ ತಿಂಗಳುಗಳಲ್ಲೇ ಆರಂಭಿಸಬೇಕು. ಹೆರಿಗೆಯ ನಂತರ ಮನೆಗೇ ಬಂದು ತಾಯಿ ಮಗುವನ್ನು ನೋಡುವ ಆ ಸೇವೆಯ ವೆಚ್ಚವನ್ನು ಸರ್ಕಾರಿ ವಿಮೆ ಭರಿಸುತ್ತದೆ, ಮತ್ತು ಬಾಣಂತನಕ್ಕೆ ಅಮ್ಮನಿಗೆ ವೀಸಾ ಸಿಗದೇ ಹೋದಾಗ ಅದರಷ್ಟು ನೆರವು ಬೇರೆಲ್ಲೂ ಸಿಗದು. ಪುಟ್ಟ ಮಕ್ಕಳಿಗೆ ನಿಗದಿತ ವಯಸ್ಸಿನಲ್ಲಿ ನಡೆಯುವ ತಪಾಸಣೆಗಳು ಉಚಿತ. ಸಾಮಾನ್ಯ ಜ್ವರ ನೆಗಡಿಗೆ ವೈದ್ಯರು ವಿಶ್ರಾಂತಿ, ಬಿಸಿ ಪಾನೀಯ ಎಂದಷ್ಟೇ ಹೇಳಿ ಕಳುಹಿಸುವುದನ್ನು ನಿರ್ಲಕ್ಷ್ಯವೆಂದು ಭಾವಿಸಬೇಡಿ. ಆ್ಯಂಟಿಬಯಾಟಿಕ್ ಬರೆದುಕೊಡುವುದರಲ್ಲಿ ಅವರು ತುಂಬ ಎಚ್ಚರ ವಹಿಸುತ್ತಾರೆ, ಚೀಟಿಯಿಲ್ಲದೆ ಔಷಧಾಲಯದಲ್ಲೂ ಅದು ಸಿಗುವುದಿಲ್ಲ. ಪ್ರಾಣಾಪಾಯ ಮತ್ತು ಬೆಂಕಿಗೆ 112, ಪೊಲೀಸರಿಗೆ 110. ಕ್ಲಿನಿಕ್ ಮುಚ್ಚಿರುವ ವೇಳೆಯಲ್ಲಿ ತುರ್ತಲ್ಲದ ಆದರೆ ಬೆಳಗಿನವರೆಗೆ ಕಾಯಲಾಗದ ತೊಂದರೆಗೆ 116117ಕ್ಕೆ ಕರೆ ಮಾಡಬೇಕು.

ಮಕ್ಕಳು

ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ, ಅಂದರೆ ಕಿಟಾದಲ್ಲಿ, ಜಾಗ ಪಡೆಯುವ ಹಕ್ಕು 2013ರಿಂದ ಕಾನೂನಿನಲ್ಲಿದೆ. ಆದರೂ ನಗರಗಳಲ್ಲಿ ಜಾಗದ ಕೊರತೆ ತೀವ್ರವಾಗಿದೆ. ಮನೆ ಗೊತ್ತಾದ ವಾರವೇ ಹಲವು ಕಡೆ ಅರ್ಜಿ ಹಾಕಿ, ಆಗಾಗ ವಿಚಾರಿಸುತ್ತಿರಿ. ಸೇರಿದ ಮೊದಲ ಕೆಲವು ವಾರ ತಂದೆ ಅಥವಾ ತಾಯಿ ಜೊತೆಗಿದ್ದು, ದಿನದಿನಕ್ಕೂ ಸ್ವಲ್ಪ ಹೆಚ್ಚು ಹೊತ್ತು ಮಗುವನ್ನು ಬಿಟ್ಟು ರೂಢಿ ಮಾಡಿಸಬೇಕಾಗುತ್ತದೆ. ಅದೇ ದಿನಗಳಲ್ಲಿ ಹೊಸ ಕೆಲಸಕ್ಕೆ ಸೇರುವ ಯೋಜನೆ ಬೇಡ. 2020ರ ಮಾರ್ಚ್‌ನಿಂದ ಕಿಟಾಕ್ಕೂ ಶಾಲೆಗೂ ದಡಾರದ ಲಸಿಕೆಯ ದಾಖಲೆ ಕಡ್ಡಾಯವಾಗಿದ್ದು, ಎರಡು ವರ್ಷ ದಾಟಿದ ಮಕ್ಕಳಿಗೆ ಎರಡು ಡೋಸ್ ಆಗಿರಬೇಕು. ಊರಿನಲ್ಲಿ ಕೊಟ್ಟ ಲಸಿಕೆ ಕಾರ್ಡಿನ ಮೂಲ ಪ್ರತಿಯನ್ನು ತಪ್ಪದೆ ತನ್ನಿ.

ಆರರ ಆಸುಪಾಸಿನಿಂದ ಶಾಲೆ ಕಡ್ಡಾಯ, ಮನೆಪಾಠಕ್ಕೆ ಅವಕಾಶವಿಲ್ಲ. ವಿಮಾನದ ಟಿಕೆಟ್ ಅಗ್ಗವೆಂದು ರಜೆಗೆ ನಾಲ್ಕು ದಿನ ಮುಂಚೆ ಮಕ್ಕಳನ್ನು ಊರಿಗೆ ಕರೆದೊಯ್ದರೆ ದಂಡ ಬೀಳಬಹುದು. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿಯ ನಂತರ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಆರನೆಯದರ ನಂತರ, ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಎಂಟು ಒಂಬತ್ತರ ವಯಸ್ಸಿನಲ್ಲಿ ಬಂದ ಮಕ್ಕಳಿಗೆ ಜರ್ಮನ್ ಕಲಿಯಲು ಸಿಗುವ ಸಮಯ ಬಹಳ ಕಡಿಮೆ ಎಂಬುದನ್ನು ಪಾಲಕರು ಬಂದ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದಕ್ಕಾಗಿ ಮನೆಯಲ್ಲಿ ಕನ್ನಡ ಬಿಟ್ಟು ತಪ್ಪು ತಪ್ಪಾದ ಜರ್ಮನ್ ಮಾತಾಡಬೇಕಾಗಿಲ್ಲ. ಕಿಟಾದ ಶಿಕ್ಷಕರೂ ಮನೆಮಾತನ್ನೇ ಚೆನ್ನಾಗಿ ಆಡಿ ಎಂದು ಹೇಳುತ್ತಾರೆ.

ಮಕ್ಕಳ ಭತ್ಯೆಯಾದ ಕಿಂಡರ್‌ಗೆಲ್ಡ್ 2026ರ ಜನವರಿಯಿಂದ ಮಗುವೊಂದಕ್ಕೆ ತಿಂಗಳಿಗೆ 259 ಯೂರೋ ಇದೆ. ಅರ್ಜಿ ಹಾಕಿದ ತಿಂಗಳಿನಿಂದ ಹಿಂದಕ್ಕೆ ಆರು ತಿಂಗಳ ಹಣ ಮಾತ್ರ ಸಿಗುವುದರಿಂದ ತಡಮಾಡಬೇಡಿ.

ಓಡಾಟ

ಡಾಯ್ಚ್‌ಲಾಂಡ್ ಟಿಕೆಟ್ 2026ರಿಂದ ತಿಂಗಳಿಗೆ 63 ಯೂರೋ. ದೇಶದ ಎಲ್ಲ ನಗರ ಸಾರಿಗೆ ಮತ್ತು ಪ್ರಾದೇಶಿಕ ರೈಲುಗಳಿಗೆ ಅದು ಸಲ್ಲುತ್ತದೆ, ವೇಗದ ದೂರಪ್ರಯಾಣದ ರೈಲುಗಳಿಗಿಲ್ಲ. ಟಿಕೆಟಿಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ಭಾರತದ ಚಾಲನಾ ಪರವಾನಗಿ ಇಲ್ಲಿ ನೆಲೆಸಿದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಎರಡರಲ್ಲೂ ಪಾಸಾಗಿ ಇಲ್ಲಿಯ ಪರವಾನಗಿ ಪಡೆಯದೆ ಕಾರು ಓಡಿಸುವುದು ಅಪರಾಧ.

ಜೊತೆಗೆ ಬಂದ ಸಂಗಾತಿ

ಸಂಗಾತಿಯ ವೀಸಾದಲ್ಲಿ ಬಂದವರ ಸ್ಥಿತಿಯ ಬಗ್ಗೆ ಸಂಘಕ್ಕೆ ಇರುವಷ್ಟು ಕಾಳಜಿ ಬೇರೆ ಯಾವ ವಿಷಯದಲ್ಲೂ ಇಲ್ಲ. ಊರಿನಲ್ಲಿ ಉದ್ಯೋಗದಲ್ಲಿದ್ದು, ಸ್ವಂತ ಗಳಿಕೆಯಿಂದ ಮನೆ ನಡೆಸುತ್ತಿದ್ದವರು ಇಲ್ಲಿ ಬಂದ ಮೇಲೆ ಔಷಧದಂಗಡಿಗೆ ಹೋಗಲೂ ಇನ್ನೊಬ್ಬರಿಗಾಗಿ ಕಾಯುವಂತಾಗುತ್ತದೆ. ನವೆಂಬರಿನಿಂದ ಮಧ್ಯಾಹ್ನ ನಾಲ್ಕೂವರೆಗೇ ಕತ್ತಲಾಗುವ ದಿನಗಳಲ್ಲಿ ಈ ಒಂಟಿತನ ಇನ್ನೂ ಭಾರವಾಗುತ್ತದೆ. ಮಗು ಸ್ವಲ್ಪ ದೊಡ್ಡದಾಗಲಿ, ಮನೆ ನೆಲೆಯಾಗಲಿ ಎಂದು ಜರ್ಮನ್ ತರಗತಿಯನ್ನು ಮುಂದೂಡುವ ಕುಟುಂಬಗಳಲ್ಲಿ ಅದು ವರ್ಷಗಟ್ಟಲೆ ಮುಂದೆ ಹೋಗುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ.

ಬ್ಲೂ ಕಾರ್ಡ್ ಹೊಂದಿದವರ ಸಂಗಾತಿಗೆ ಯಾವುದೇ ಕೆಲಸ ಮಾಡುವ ಪೂರ್ಣ ಅನುಮತಿ ಇದೆ. ಕೊರತೆ ಇರುವುದು ಭಾಷೆಯದು. ಹೆಚ್ಚಿನ ಊರುಗಳಲ್ಲಿರುವ ವಯಸ್ಕರ ಶಾಲೆ ಫೋಲ್ಕ್ಸ್‌ಹೋಕ್‌ಶೂಲೆಯಲ್ಲಿ ಕಡಿಮೆ ಶುಲ್ಕಕ್ಕೆ ತರಗತಿಗಳು ನಡೆಯುತ್ತವೆ. ಸಾಮಾನ್ಯ ಏಕೀಕರಣ ತರಗತಿಯಲ್ಲಿ 600 ಗಂಟೆ ಭಾಷೆಯನ್ನೂ 100 ಗಂಟೆ ದೇಶದ ಕಾನೂನು ಮತ್ತು ಸಮಾಜದ ವಿಷಯವನ್ನೂ ಕಲಿಸುತ್ತಾರೆ. ಕುಟುಂಬದ ವೀಸಾದಲ್ಲಿ ಬಂದವರು ನಿವಾಸ ಪರವಾನಗಿ ಪಡೆಯುವ ದಿನವೇ ಅದರ ಬಗ್ಗೆ ಕಚೇರಿಯಲ್ಲಿ ವಿಚಾರಿಸಬೇಕು. ಕೆಲಸದಲ್ಲಿರುವವರಿಗೂ ಭಾಷೆಯಿಂದ ನೇರ ಲಾಭವಿದೆ: ಬ್ಲೂ ಕಾರ್ಡಿನವರು ಎ1 ಎಂಬ ಆರಂಭಿಕ ಮಟ್ಟದ ಜರ್ಮನ್ ಇದ್ದರೆ 27 ತಿಂಗಳಿಗೆ, ಬಿ1 ಎಂಬ ಮಧ್ಯಮ ಮಟ್ಟದ್ದು ಇದ್ದರೆ 21 ತಿಂಗಳಿಗೆ ಶಾಶ್ವತ ನಿವಾಸಕ್ಕೆ ಅರ್ಜಿ ಹಾಕಬಹುದು.

ವಾರದಲ್ಲಿ ಎರಡು ಸಂಜೆ ಮಗುವನ್ನು ನೋಡಿಕೊಂಡು ಸಂಗಾತಿಯನ್ನು ತರಗತಿಗೆ ಕಳುಹಿಸುವುದು ಉದ್ಯೋಗದಲ್ಲಿರುವವರ ಕರ್ತವ್ಯವೆಂದೇ ನಾವು ತಿಳಿಯುತ್ತೇವೆ. ಬ್ಯಾಂಕ್ ಖಾತೆ ಜಂಟಿಯಾಗಿರಲಿ, ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ, ಕಚೇರಿಗಳ ಕೆಲಸಕ್ಕೆ ಇಬ್ಬರೂ ಸರದಿಯಂತೆ ಹೋಗಿ. ಮನೆಯಲ್ಲಿ ಹಿಂಸೆ ಎದುರಿಸುತ್ತಿರುವ ಮಹಿಳೆಯರಿಗೆ 116016 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಹೆಸರು ಹೇಳಬೇಕಾಗಿಲ್ಲ, ಇಂಗ್ಲಿಷಿನಲ್ಲೂ ಮಾತನಾಡಬಹುದು. ಸಂಘದ ಮಹಿಳಾ ಸದಸ್ಯರೊಂದಿಗೆ ಪ್ರತ್ಯೇಕವಾಗಿ ಮಾತನಾಡಲು ಬಯಸುವವರು ಯಾವುದೇ ಕಾರ್ಯಕ್ರಮದ ದಿನ ನೋಂದಣಿ ಮೇಜಿನಲ್ಲಿ ಅಷ್ಟನ್ನು ಹೇಳಿದರೆ ಸಾಕು. ಕಾರಣವನ್ನು ಅಲ್ಲಿ ಯಾರೂ ಕೇಳುವುದಿಲ್ಲ.