ದಂತ ಎಕ್ಸ್-ರೇ: ರೋಗಿಗೂ ಸಿಬ್ಬಂದಿಗೂ ವಿಕಿರಣದಿಂದ ರಕ್ಷಣೆ ಒದಗಿಸುವ ಕ್ರಮ

ದಂತ ಚಿಕಿತ್ಸಾಲಯದಲ್ಲಿ ವಿಕಿರಣ ಸುರಕ್ಷತೆಯ ಕೆಲಸವು ಯಂತ್ರದ ಗುಂಡಿ ಒತ್ತುವುದಕ್ಕೆ ಮುಂಚೆಯೇ ಆರಂಭವಾಗಬೇಕು. ವೈದ್ಯರು ಬಾಯಿಯನ್ನು ಸ್ವತಃ ಪರೀಕ್ಷಿಸಿ, ಬೇರೆಡೆ ತೆಗೆಸಿದ ಹಳೆಯ ಚಿತ್ರಗಳಿದ್ದರೆ ತರಿಸಿ ನೋಡಿ, ಹೊಸ ಚಿತ್ರದಿಂದ ಚಿಕಿತ್ಸೆಯ ನಿರ್ಧಾರಕ್ಕೆ ಏನಾದರೂ ನೆರವಾಗುವುದೇ ಎಂದು ಯೋಚಿಸಿದ ಮೇಲಷ್ಟೇ ಎಕ್ಸ್-ರೇ ಬರೆದುಕೊಡಬೇಕು. ಹೊಸದಾಗಿ ಬಂದವರಿಗೆಲ್ಲ ವಾಡಿಕೆಯಂತೆ ಒಪಿಜಿ, ಅಂದರೆ ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಎಕ್ಸ್-ರೇ, ಮಾಡಿಸುವ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ.

ರೋಗಿಯ ಭಯವನ್ನು ಅಂಕಿಯಿಂದಲೇ ಹೋಗಲಾಡಿಸಬಹುದು. ಡಿಜಿಟಲ್ ಸೆನ್ಸರ್‌ನಲ್ಲಿ, ಅಂದರೆ ಆರ್‌ವಿಜಿಯಲ್ಲಿ, ಒಂದು ಹಲ್ಲಿನ ಚಿತ್ರಕ್ಕೆ ತಗಲುವ ವಿಕಿರಣದ ಪ್ರಮಾಣ ಸುಮಾರು 5 ಮೈಕ್ರೋಸೀವರ್ಟ್ (ಸೀವರ್ಟ್ ಎಂಬುದು ದೇಹಕ್ಕೆ ತಗಲುವ ವಿಕಿರಣದ ಅಳತೆ; 1000 ಮೈಕ್ರೋಸೀವರ್ಟ್ ಎಂದರೆ 1 ಮಿಲಿಸೀವರ್ಟ್). ಮಣ್ಣು, ಗಾಳಿ, ಆಹಾರ ಮತ್ತು ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ದೊರೆಯುವ ವಿಕಿರಣ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್ ಆಗಿರುವುದರಿಂದ, ಈ ಚಿತ್ರವು ಒಂದು ದಿನದ ಸಹಜ ವಿಕಿರಣಕ್ಕಿಂತ ಹೆಚ್ಚಿನದಲ್ಲ. ಆದರೆ ದವಡೆಯ ಮೂರು ಆಯಾಮದ ಚಿತ್ರ ಕೊಡುವ ಸಿಬಿಸಿಟಿ ಸ್ಕ್ಯಾನ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅದರ ಪ್ರಮಾಣ ಹತ್ತಾರು ಮೈಕ್ರೋಸೀವರ್ಟ್‌ಗಳಿಂದ ಹಲವು ನೂರರವರೆಗೂ ಹೋಗಬಹುದು. ಆದ್ದರಿಂದ ಒಂದು ಇಂಪ್ಲಾಂಟ್‌ಗಾಗಿ ಇಡೀ ಮುಖದ ಸ್ಕ್ಯಾನ್ ಮಾಡಿಸದೆ, ಬೇಕಾದ ಭಾಗವನ್ನಷ್ಟೇ ಒಳಗೊಳ್ಳುವ ಸಣ್ಣ ವ್ಯಾಪ್ತಿಯನ್ನು ಆರಿಸಿಕೊಳ್ಳಬೇಕು.

ನಮ್ಮ ಚಿಕಿತ್ಸಾಲಯಗಳಲ್ಲಿ ಇನ್ನೂ ಉಳಿದಿರುವ ಅತ್ಯಂತ ಕೆಟ್ಟ ಅಭ್ಯಾಸವೆಂದರೆ ಸಹಾಯಕಿಯೋ ವೈದ್ಯರೋ ರೋಗಿಯ ಬಾಯೊಳಗೆ ಬೆರಳಿಟ್ಟು ಫಿಲ್ಮ್ ಅಥವಾ ಸೆನ್ಸರ್ ಹಿಡಿದುಕೊಳ್ಳುವುದು. ಒಂದು ಸಲಕ್ಕೆ ಏನೂ ಆಗದಂತೆ ಕಂಡರೂ ರೋಗಿ ಬದಲಾಗುತ್ತಾ ಹೋಗುತ್ತಾರೆ, ಬೆರಳು ಅದೇ ಆಗಿರುತ್ತದೆ. ದಂತ ಎಕ್ಸ್-ರೇಯನ್ನು ಮೊದಮೊದಲು ಬಳಸಿದವರಲ್ಲಿ ಒಬ್ಬರಾದ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡಿ ಯಂತ್ರವನ್ನು ಹೊಂದಿಸುತ್ತಿದ್ದರು. ಕ್ಯಾನ್ಸರ್‌ನಿಂದ ಮೊದಲು ಬೆರಳುಗಳನ್ನು, ಆಮೇಲೆ ತೋಳನ್ನೇ ಕಳೆದುಕೊಂಡು 1928ರಲ್ಲಿ ತೀರಿಕೊಂಡರು. ಇಂದು ಸೆನ್ಸರ್ ಹೋಲ್ಡರ್ ಸುಲಭವಾಗಿ ದೊರೆಯುತ್ತದೆ, ಅದರಿಂದ ಕೋನವೂ ಸರಿಯಾಗಿ ಕೂಡುತ್ತದೆ, ಎರಡನೆಯ ಸಲ ಚಿತ್ರ ತೆಗೆಯುವ ಪ್ರಸಂಗವೂ ತಪ್ಪುತ್ತದೆ. ಪುಟ್ಟ ಮಗುವನ್ನೋ ಅಂಗವಿಕಲರನ್ನೋ ಹಿಡಿದುಕೊಳ್ಳಲೇಬೇಕಾದರೆ, ಗರ್ಭಿಣಿಯಲ್ಲದ ವಯಸ್ಕ ಸಂಬಂಧಿಕರೊಬ್ಬರು ಸೀಸದ ಏಪ್ರನ್ ತೊಟ್ಟು, ನೇರ ಕಿರಣದಿಂದ ದೂರವಿದ್ದು ಹಿಡಿಯಲಿ; ಸಿಬ್ಬಂದಿಗೆ ಆ ಕೆಲಸ ಬೇಡ.

ಯಂತ್ರದ ಕಡೆಗೆ ಬಂದರೆ, ಕಿರಣ ಹೊರಬರುವ ದುಂಡು ಕೋನ್‌ಗೆ, ಅಂದರೆ ಕೊಳವೆಗೆ, ಕಿರಣವನ್ನು ಕಿರಿದಾಗಿಸುವ ಆಯತಾಕಾರದ ಕೊಲಿಮೇಟರ್ ಜೋಡಿಸಿದರೆ ಕಿರಣವು ಸೆನ್ಸರ್‌ನ ಗಾತ್ರಕ್ಕೆ ಸರಿಹೊಂದಿ, ರೋಗಿಗೆ ತಗಲುವ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಸಾಧನ ಬೇರೊಂದಿಲ್ಲ, ಆದರೂ ಹೆಚ್ಚಿನವರು ಅದನ್ನು ಕೊಳ್ಳುವುದಿಲ್ಲ ಎಂಬುದು ಬೇಸರದ ಸಂಗತಿ. ಯಂತ್ರದ ವೋಲ್ಟೇಜ್ 60ರಿಂದ 70 ಕಿಲೋವೋಲ್ಟ್ ಇರುವುದು ಒಳ್ಳೆಯದು. ಫಿಲ್ಮ್‌ನಿಂದ ಆರ್‌ವಿಜಿಗೆ ಬದಲಾದವರು ಎಕ್ಸ್‌ಪೋಶರ್ ಸಮಯವನ್ನು ಕಡ್ಡಾಯವಾಗಿ ಇಳಿಸಿಕೊಳ್ಳಬೇಕು, ಏಕೆಂದರೆ ಹೆಚ್ಚು ಕಿರಣ ಬಿದ್ದರೂ ಸಾಫ್ಟ್‌ವೇರ್ ಚಿತ್ರವನ್ನು ಚೆನ್ನಾಗಿಯೇ ತೋರಿಸಿ ತಪ್ಪನ್ನು ಮುಚ್ಚಿಬಿಡುತ್ತದೆ. ಫಿಲ್ಮ್ ಬಳಸುವವರು ಡೆವಲಪರ್‌ನ ಉಷ್ಣತೆ ಮತ್ತು ಸಮಯವನ್ನು ಅಳೆದು ಪಾಲಿಸಬೇಕು. ಕಣ್ಣಂದಾಜಿನಲ್ಲಿ ಬೇಗನೆ ಹೊರತೆಗೆದರೆ ಚಿತ್ರ ಮಸುಕಾಗಿ, ಆ ಕೊರತೆಯನ್ನು ತುಂಬಲು ಕಿರಣವನ್ನು ಹೆಚ್ಚಿಸುವ ಚಾಳಿ ಬೆಳೆಯುತ್ತದೆ. ಮಕ್ಕಳಿಗೆ ವಯಸ್ಕರ ಸೆಟ್ಟಿಂಗ್ ಎಂದೂ ಬಳಸಬಾರದು.

ಸಿಬ್ಬಂದಿಗೆ ಮುಖ್ಯವಾಗಿ ತಗಲುವುದು ರೋಗಿಯ ತಲೆಯಿಂದ ಚದುರಿ ಬರುವ ಕಿರಣ. ದೂರ ಇಮ್ಮಡಿಯಾದರೆ ಅದು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗುಂಡಿ ಒತ್ತುವವರು ತಡೆಗೋಡೆಯ ಹಿಂದೆ, ಅದಿಲ್ಲದಿದ್ದರೆ ರೋಗಿಯಿಂದ ಕನಿಷ್ಠ 2 ಮೀಟರ್ ದೂರದಲ್ಲಿ, ಕಿರಣದ ದಿಕ್ಕಿಗೆ 90ರಿಂದ 135 ಡಿಗ್ರಿ ಕೋನದಲ್ಲಿ ನಿಲ್ಲಬೇಕು. ಸ್ವಿಚ್ಚಿನ ತಂತಿಯೂ ಅಷ್ಟು ಉದ್ದವಿರಬೇಕು. ಕಿರಣವನ್ನು ಕಾಯುವವರ ಕೋಣೆಯ ಕಡೆಗಾಗಲಿ ಪಕ್ಕದ ಕುರ್ಚಿಯ ಕಡೆಗಾಗಲಿ ತಿರುಗಿಸದೆ ಇಟ್ಟಿಗೆ ಗೋಡೆಯತ್ತ ತಿರುಗಿಸಬೇಕು. ಪ್ಲೈವುಡ್ ವಿಭಜಕವನ್ನು ತಡೆಯೆಂದು ನಂಬುವಂತಿಲ್ಲ.

2024ರಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್, ಕಿರಣವನ್ನು ಸರಿಯಾಗಿ ಸೀಮಿತಗೊಳಿಸಿದರೆ ರೋಗಿಗೆ ಏಪ್ರನ್ ಮತ್ತು ಥೈರಾಯ್ಡ್ ಕಾಲರ್ (ಕುತ್ತಿಗೆಗೆ ಕಟ್ಟುವ ರಕ್ಷಣಾ ಪಟ್ಟಿ) ವಾಡಿಕೆಯಾಗಿ ಬೇಕಿಲ್ಲವೆಂದು ಹೇಳಿತು. ದುಂಡು ಕೋನ್‌ಗಳೇ ಹೆಚ್ಚಿರುವ ನಮ್ಮಲ್ಲಿ, ವಿಶೇಷವಾಗಿ ಮಕ್ಕಳಿಗೆ, ಹಲ್ಲಿನ ಚಿತ್ರ ತೆಗೆಯುವಾಗ ಕಾಲರ್ ಬಿಡಬಾರದೆಂಬುದು ನನ್ನ ಅಭಿಪ್ರಾಯ. ಒಪಿಜಿಯಲ್ಲಿ ಮಾತ್ರ ಅದು ಚಿತ್ರಕ್ಕೆ ಅಡ್ಡ ಬಂದು ಮತ್ತೆ ತೆಗೆಯಬೇಕಾಗುವುದರಿಂದ ಬಳಸಬಾರದು. ಏಪ್ರನ್ ಮಡಿಸಿದರೆ ಒಳಗಿನ ಸೀಸ ಬಿರುಕು ಬಿಡುತ್ತದೆ, ಆದ್ದರಿಂದ ತೂಗುಹಾಕಬೇಕು.

ಗರ್ಭಿಣಿಯ ಹಲ್ಲಿನ ಚಿತ್ರದಲ್ಲಿ ಭ್ರೂಣಕ್ಕೆ ತಲುಪುವ ವಿಕಿರಣ ನಗಣ್ಯ. ಕೀವು ತುಂಬಿದ ಹಲ್ಲನ್ನು ಎಕ್ಸ್-ರೇಯ ಹೆದರಿಕೆಯಿಂದ ಹಾಗೇ ಬಿಡುವುದೇ ತಾಯಿಗೂ ಮಗುವಿಗೂ ಹೆಚ್ಚು ಅಪಾಯ.

ಭಾರತದಲ್ಲಿ ದಂತ ಎಕ್ಸ್-ರೇ ಯಂತ್ರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ, ಅಧೀನದಲ್ಲಿವೆ. ಮಂಡಳಿಯ ಅನುಮೋದನೆ ಪಡೆದ ಮಾದರಿಯನ್ನೇ ಕೊಂಡು, ಅದರ ಇ-ಲೋರಾ ಜಾಲತಾಣದಲ್ಲಿ ನೋಂದಾಯಿಸಿ, ಎರಡು ವರ್ಷಕ್ಕೊಮ್ಮೆ ಮತ್ತು ದೊಡ್ಡ ರಿಪೇರಿಯಾದಾಗಲೆಲ್ಲ ಗುಣಮಟ್ಟ ಪರೀಕ್ಷೆ ಮಾಡಿಸಬೇಕು. ಕೈಯಲ್ಲಿ ಹಿಡಿಯುವ ಯಂತ್ರ ಕೊಳ್ಳುವವರು ಆನ್‌ಲೈನ್‌ನ ಅಗ್ಗದ ಬೆಲೆಗೆ ಮರುಳಾಗದೆ, ಅನುಮೋದನೆಯೂ ಹಿಂದಕ್ಕೆ ಚದುರುವ ಕಿರಣ ತಡೆಯುವ ಫಲಕವೂ ಇವೆಯೇ ಎಂದು ನೋಡಬೇಕು. ವಿಕಿರಣದ ಕೆಲಸಗಾರರಿಗೆ ಮಿತಿಯು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಸಾರ್ವಜನಿಕರಿಗೆ 1 ಮಿಲಿಸೀವರ್ಟ್. ತಗಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುವವರು ಅದನ್ನು ಏಪ್ರನ್‌ನ ಒಳಗೆ ಎದೆಯ ಮಟ್ಟದಲ್ಲಿ ಧರಿಸಬೇಕು, ಇನ್ನೊಬ್ಬರಿಗೆ ಕೊಡಬಾರದು, ಕೆಲಸ ಮುಗಿದ ಮೇಲೆ ಎಕ್ಸ್-ರೇ ಕೋಣೆಯಲ್ಲಿ ಬಿಟ್ಟುಹೋಗಬಾರದು.