ಲಾಕಪ್ ಸಾವಿನ ಕಡತ: ಠಾಣೆ ಬರೆಯದ ದಾಖಲೆಗಳಿಂದ ಶುರು

ಪೊಲೀಸ್ ವಶದಲ್ಲಿ ಸಾವಾದಾಗ ಹೊಸದಾಗಿ ತಂಡಕ್ಕೆ ಬಂದ ವಕೀಲರು ಮೊದಲು ಕೇಳುವುದು ‘ಯಾರು ಹೊಡೆದರು?’ ಎಂದು. ನಾನು ಅವರಿಗೆ ಕೊಡುವ ಮೊದಲ ಕೆಲಸ ಬೇರೆ. ಆ ವ್ಯಕ್ತಿ ನಿಜವಾಗಿ ಎಷ್ಟು ಗಂಟೆಗೆ ಪೊಲೀಸರ ಕೈಸೇರಿದ, ಕಾಗದದ ಪ್ರಕಾರ ಎಷ್ಟು ಗಂಟೆಗೆ ಬಂಧನವಾಯಿತು? ಈ ಎರಡು ಸಮಯಗಳ ನಡುವಿನ ಅಂತರವನ್ನು ರುಜುವಾತು ಮಾಡಿದರೆ ಕೇಸಿನ ಅರ್ಧ ಕೆಲಸ ಮುಗಿದಂತೆ. ‘ಬಂಧಿಸಿರಲಿಲ್ಲ, ವಿಚಾರಣೆಗೆಂದು ಕರೆಸಿದ್ದೆವು’ ಎಂಬ ಉತ್ತರ ಬಂದರೆ ಇನ್ನೂ ಹೆಚ್ಚು ಎಚ್ಚರ ಬೇಕು.

ಮೊದಲ ದಿನ ಯಾರೂ ಅಭಿಪ್ರಾಯ ಬರೆಯುವಂತಿಲ್ಲ. ಪತ್ರಗಳು ಮಾತ್ರ ಹೊರಡುತ್ತವೆ. ಸಾವಿನ ಮಾಹಿತಿ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಲುಪಬೇಕು. ಇದು 1993ರ ಡಿಸೆಂಬರ್‌ನಿಂದಲೂ ಇರುವ ಸೂಚನೆ. ವಶದಲ್ಲಾದ ಸಾವಿಗೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. 2006ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 176(1ಎ)ಯಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 196ನೇ ಕಲಮಿನಲ್ಲಿದೆ. ಇಲ್ಲಿ ಪದೇ ಪದೇ ಆಗುವ ಎಡವಟ್ಟು ಒಂದಿದೆ: ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯುತ್ತಿದೆಯಲ್ಲ ಎಂದು ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ಒಂದನ್ನೇ ಇಟ್ಟುಕೊಂಡು ಎಫ್‌ಐಆರ್ ದಾಖಲಿಸದೆ ಕೂರುವುದು. ವಿಚಾರಣಾ ವರದಿ ಎಷ್ಟೇ ಖಡಕ್ಕಾಗಿದ್ದರೂ ಅದೇ ದೋಷಾರೋಪ ಪಟ್ಟಿಯಾಗುವುದಿಲ್ಲ. ಎರಡೂ ಜೊತೆಜೊತೆಗೆ ಸಾಗಬೇಕು, ತನಿಖೆ ಆ ಠಾಣೆಯವರ ಕೈಯಲ್ಲಿ ಇರಕೂಡದು.

ಎರಡನೇ ಪತ್ರ ಶವಾಗಾರಕ್ಕೆ. ಶವಪರೀಕ್ಷೆ ಶುರುವಾಗುವ ಮೊದಲೇ ಅದು ವೈದ್ಯರ ಕೈಯಲ್ಲಿರಬೇಕು, ಏಕೆಂದರೆ ಮಾಮೂಲಿ ವಿಧಾನದಲ್ಲಿ ತಲೆ, ಎದೆ, ಹೊಟ್ಟೆ ತೆರೆದು ಮುಗಿಸಿಬಿಡುತ್ತಾರೆ. ಲಾಠಿ ಏಟು ಬೀಳುವ ಜಾಗಗಳೇ ಬೇರೆ: ಬೆನ್ನು, ಪೃಷ್ಠ, ತೊಡೆಯ ಹಿಂಭಾಗ, ಮೀನಖಂಡ, ಅಂಗಾಲು. ಚರ್ಮದ ಮೇಲೆ ಏನೂ ಕಾಣದಿದ್ದರೂ ಅಡಿಯ ಸ್ನಾಯುವಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೇ ಈ ಭಾಗಗಳಲ್ಲಿ ಚರ್ಮ ಬಿಡಿಸಿ ನೋಡಬೇಕೆಂದು ಒಂದೊಂದನ್ನೂ ಹೆಸರಿಸಿ ಕೇಳುತ್ತೇವೆ. ಇಬ್ಬರು ವೈದ್ಯರ ಮಂಡಳಿ, ಪೂರ್ತಿ ವಿಡಿಯೊ ಚಿತ್ರೀಕರಣ, ಪ್ರತಿ ಗಾಯದ ಪಕ್ಕ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಬೇಕು. ಒಳಾಂಗಗಳನ್ನು ಉಪ್ಪಿನ ಸಂತೃಪ್ತ ದ್ರಾವಣದಲ್ಲಿ, ಅಂಗಾಂಶವನ್ನು 10% ಫಾರ್ಮಲಿನ್‌ನಲ್ಲಿ ಇಡಬೇಕು. ಇವೆರಡು ಅದಲುಬದಲಾದರೆ ವಿಷಪರೀಕ್ಷೆಯೂ ಕೆಡುತ್ತದೆ, ಅಂಗಾಂಶ ಪರೀಕ್ಷೆಯೂ ಕೆಡುತ್ತದೆ. ನೇಣು ಎಂದು ಹೇಳುತ್ತಿದ್ದರೆ ಗಂಟನ್ನು ಬಿಚ್ಚದೆ, ಬೇರೆ ಕಡೆ ಕತ್ತರಿಸಿ ಬಟ್ಟೆಯನ್ನು ಸೀಲ್ ಮಾಡಬೇಕು. ಸೆಲ್ಲಿನ ಕಂಬಿಯ ಎತ್ತರ, ಮೃತನ ಎತ್ತರ, ಬಟ್ಟೆಯ ಉದ್ದ ಮೂರೂ ಒಂದೇ ಮಹಜರಿನಲ್ಲಿ ಬರಬೇಕು.

ಮರಣಕಾರಣದ ಜಾಗದಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಬರೆದ ವರದಿಯನ್ನು ನಾನು ಒಪ್ಪುವುದಿಲ್ಲ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ; ನಿಂತದ್ದೇಕೆ ಎಂಬುದು ಪ್ರಶ್ನೆ. ಇದಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಜೈಲಿಗೆ ಹೋದ ಮೂರ್ನಾಲ್ಕು ದಿನಕ್ಕೆ ಆಸ್ಪತ್ರೆಯಲ್ಲಿ ‘ಕಿಡ್ನಿ ವೈಫಲ್ಯ’ದಿಂದ ಆಗುವ ಸಾವು. ಜೋರಾಗಿ ಹೊಡೆದಾಗ ಜಜ್ಜಿದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡದ ನಾಳಗಳನ್ನು ಕಟ್ಟಿಬಿಡುತ್ತದೆ. ಹಾಗಾಗಿ ಕೇಸ್ ಶೀಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ) ದಿನದಿನಕ್ಕೆ ಹೇಗೆ ಏರಿತು, ಸಿಪಿಕೆ (ಸ್ನಾಯು ಜಜ್ಜಿದಾಗ ರಕ್ತದಲ್ಲಿ ಏರುವ ಕಿಣ್ವ) ಎಷ್ಟಿತ್ತು, ಮೂತ್ರದ ಬಣ್ಣ ಕಪ್ಪುಗೆಂಪು ಎಂದು ನರ್ಸ್ ಎಲ್ಲಾದರೂ ಬರೆದಿದ್ದಾರೆಯೇ ನೋಡಬೇಕು. ಕಿಡ್ನಿಯ ತುಣುಕು ಅಂಗಾಂಶ ಪರೀಕ್ಷೆಗೆ ಹೋಗಲೇಬೇಕು. ಕಾಗದದಲ್ಲಿ ಇದು ನ್ಯಾಯಾಂಗ ಬಂಧನದ ಸಾವು, ಕಾರಣ ಮಾತ್ರ ಠಾಣೆಯಲ್ಲಿ ಹುಟ್ಟಿರುತ್ತದೆ.

ಇನ್ನು ಸಿಸಿಟಿವಿ. 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯೂ ದೃಶ್ಯಗಳನ್ನು 18 ತಿಂಗಳು ಉಳಿಸಬೇಕು, ಅಂಥ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಉಳಿಸಬೇಕು ಎಂದಿದೆ. ಅದೇ ವರ್ಷ ತಮಿಳುನಾಡಿನ ಸಾತ್ತಾನ್‌ಕುಳಂ ಠಾಣೆಯವರ ವಶದಲ್ಲಿದ್ದ ತಂದೆ-ಮಗ ಸತ್ತ ಪ್ರಕರಣದಲ್ಲಿ, ದೃಶ್ಯಗಳು ದಿನವೂ ತಾವಾಗಿ ಅಳಿಯುವಂತೆ ಹೊಂದಿಸಲಾಗಿತ್ತು ಎಂದು ಮ್ಯಾಜಿಸ್ಟ್ರೇಟ್ ವರದಿ ಮಾಡಿದ್ದರು. ಹೈಕೋರ್ಟ್ ಠಾಣೆಯನ್ನೇ ಕಂದಾಯ ಇಲಾಖೆಯ ಸುಪರ್ದಿಗೆ ಕೊಡಿಸಿತು. ಆದ್ದರಿಂದ ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡಿಕೊಟ್ಟರೆ ತೆಗೆದುಕೊಳ್ಳಬೇಡಿ, ದೃಶ್ಯಗಳು ದಾಖಲಾಗುವ ಪೆಟ್ಟಿಗೆಯಾದ ಡಿವಿಆರ್ ಅನ್ನೇ ವಶಪಡಿಸಿಕೊಳ್ಳಿ. ಪ್ಲಗ್ ಕೀಳುವ ಮುನ್ನ ಅದರ ಗಡಿಯಾರ ಎಷ್ಟು ತೋರಿಸುತ್ತಿದೆ, ನಿಜವಾದ ಸಮಯ ಎಷ್ಟು ಎಂದು ಮಹಜರಿನಲ್ಲಿ ಬರೆಸಿ. ಡಿವಿಆರ್ ಗಡಿಯಾರ ಹನ್ನೆರಡು ನಿಮಿಷ ಮುಂದಿದ್ದು ಯಾರೂ ಅದನ್ನು ಬರೆಯದಿದ್ದರೆ, ಪಾಟೀಸವಾಲಿನಲ್ಲಿ ಇಡೀ ಕಾಲಪಟ್ಟಿ ಕುಸಿಯುತ್ತದೆ. ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು), ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಎರಡೂ ಭಾಗಗಳು ಆಗಲೇ ಸಿದ್ಧವಾಗಲಿ. ‘ಕ್ಯಾಮೆರಾ ಕೆಟ್ಟಿತ್ತು’ ಎಂದರೆ ರಿಪೇರಿಗೆ ಬರೆದ ಪತ್ರ ಕೇಳಿ. ಕೆಟ್ಟಿದ್ದು ನಿಜವಾದರೆ ಸಾವಿಗಿಂತ ಹಿಂದಿನ ದಿನಾಂಕದ ಪತ್ರ ಇರುತ್ತದೆ.

ಠಾಣಾ ದಿನಚರಿ, ಬಂಧನ ಮೆಮೊ, ಕೇಸ್ ಡೈರಿಗಳನ್ನು ವಶಕ್ಕೆ ತೆಗೆದುಕೊಳ್ಳುತ್ತೇವೆ, ಆದರೆ ಕಾಲಪಟ್ಟಿ ಕಟ್ಟುವುದು ಅವುಗಳಿಂದಲ್ಲ. ಪಟ್ಟಿಯ ಎಡಗಡೆ ಠಾಣೆಯವರು ಬರೆಯದ ದಾಖಲೆಗಳು ಬರುತ್ತವೆ: ಮೃತನ ಮತ್ತು ಸಿಬ್ಬಂದಿಯ ಮೊಬೈಲ್ ಕರೆ ವಿವರ ಹಾಗೂ ಟವರ್, ಮನೆಯವರು 112ಕ್ಕೆ ಮಾಡಿದ ಕರೆ, ಜೀಪಿನ ಜಿಪಿಎಸ್, ವೈರ್‌ಲೆಸ್ ಕಂಟ್ರೋಲ್ ರೂಮಿನ ಲಾಗ್, ಎದುರಿನ ಅಂಗಡಿಯ ಕ್ಯಾಮೆರಾ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯ-ಸಾವಿನ ಪ್ರಕರಣಗಳ) ರಿಜಿಸ್ಟರ್. ಬಲಗಡೆ ಠಾಣೆ ಹೇಳುವ ಕಥೆ. ಎರಡೂ ಹೊಂದದ ಸಾಲುಗಳಿಗೆ ಮಾತ್ರ ಕೆಂಪು ಬಣ್ಣ. ಅಂಗಡಿಯ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದು. ಕರೆ ವಿವರವನ್ನು ಕಂಪನಿಗಳು ಎರಡು ವರ್ಷ ಇಡುತ್ತವೆ, ಅದಕ್ಕೆ ಅಷ್ಟು ಅವಸರವಿಲ್ಲ. ಸಿಬ್ಬಂದಿ ಕೊರತೆ ಇದ್ದಾಗ ಯಾರನ್ನು ಮೊದಲು ಎಲ್ಲಿಗೆ ಕಳಿಸಬೇಕು ಎಂಬುದು ಈ ಲೆಕ್ಕದ ಮೇಲೆ ನಿಂತಿದೆ.

ಸಾಕ್ಷಿಗಳ ವಿಷಯದಲ್ಲಿ ಭ್ರಮೆ ಬೇಡ. ಪೊಲೀಸರ ವಿರುದ್ಧ ಪೊಲೀಸರು ಸಾಕ್ಷಿ ನುಡಿಯುವುದು ಅಪರೂಪವೆಂದು 1995ರಲ್ಲೇ ಶ್ಯಾಮ್‌ಸುಂದರ್ ತ್ರಿವೇದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ರಾತ್ರಿಯ ಸೆಂಟ್ರಿ ಯಾರು, ಪಕ್ಕದ ಸೆಲ್ಲಿನಲ್ಲಿ ಯಾರಿದ್ದರು ಎಂದು ಡ್ಯೂಟಿ ಪಟ್ಟಿಯಿಂದ ಪತ್ತೆ ಮಾಡಿ, ಬಿಎನ್‌ಎಸ್‌ಎಸ್ 183ರಡಿ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಕೊಡಿಸಬೇಕು. ವಾರ ಕಳೆದರೆ ಎಲ್ಲರೂ ಒಂದೇ ಮಾತನ್ನು ಬಾಯಿಪಾಠ ಮಾಡಿರುತ್ತಾರೆ. ಇಲಾಖಾ ವಿಚಾರಣೆಯ ಹೇಳಿಕೆಗಳನ್ನು ಬೇರೆ ಕಡತದಲ್ಲಿಡಿ. ಅಧಿಕಾರಿಯಿಂದ ಒತ್ತಾಯಪಡಿಸಿ ಪಡೆದ ಮಾತು ಕ್ರಿಮಿನಲ್ ಕಡತಕ್ಕೆ ನುಸುಳಿದರೆ ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಒತ್ತಾಯಿಸಬಾರದೆನ್ನುವ ಸಂವಿಧಾನದ 20(3)ನೇ ವಿಧಿ ಎದುರಾಗುತ್ತದೆ.

ಕೊನೆಗೆ ಮಂಜೂರಾತಿ, ಅಂದರೆ ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ. ಹೊಡೆದು ಕೊಲ್ಲುವುದು ಕರ್ತವ್ಯದ ಭಾಗವಲ್ಲ, ಮಂಜೂರಾತಿಯೇ ಬೇಡ ಎಂದು ವಾದಿಸಬಹುದು. ಆದರೆ 2020ರ ಡಿ. ದೇವರಾಜ ತೀರ್ಪಿನ ಪ್ರಕಾರ, ಕರ್ತವ್ಯ ಮೀರಿದ್ದರೂ ಅದರೊಂದಿಗೆ ಸಮಂಜಸ ಸಂಬಂಧವಿರುವ ಕೃತ್ಯಕ್ಕೆ ರಕ್ಷಣೆ ಸಿಗುತ್ತದೆ. ವಾದ ಸೋತರೆ ವರ್ಷಗಳೇ ಹೋಗುತ್ತವೆ, ಹಾಗಾಗಿ ವಾದ ಉಳಿಸಿಕೊಂಡೇ ಅರ್ಜಿಯನ್ನೂ ಹಾಕುತ್ತೇವೆ. ಬಿಎನ್‌ಎಸ್‌ಎಸ್ 218ರಡಿ ಕೋರಿಕೆ ತಲುಪಿದ 120 ದಿನಗಳೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಮಂಜೂರಾತಿ ಕೊಟ್ಟಂತೆಯೇ. ದಿನ ಎಣಿಸುವುದು ತಲುಪಿದ ದಿನದಿಂದಾದ್ದರಿಂದ ಸ್ವೀಕೃತಿ ಮೊಹರು ಇರುವ ಕೋರಿಕೆಯ ನಕಲು ಕಡತದ ಮೊದಲ ಹಾಳೆಯಾಗಿರಲಿ. ಇಂಥದ್ದೇ ಮಂಜೂರಾತಿ ಕೇಳುವ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಲ್ಲಿ ಇಂಥ ಗಡುವಿಲ್ಲ. ಅದಕ್ಕೆ ಪ್ರತ್ಯೇಕ ಕೋರಿಕೆಯನ್ನು ಅದೇ ದಿನ ಕಳಿಸಿ.